ಯಾರದೋ ಹಗೇವಿನ ಕಾಳು: ಅಮೆರಿಕದ ಥ್ಯಾಂಕ್ಸ್‌ಗಿವಿಂಗ್ ಹಬ್ಬ ಮತ್ತು ನಮ್ಮ ಮೆಕ್ಕೆಜೋಳ



ನಮ್ಮ ಕಡೆ ಮೆಕ್ಕೆಜೋಳ ಮುರಿಯೋ ಕೆಲಸ ಮುಕ್ಕಾಲು ಮುಗೀತು. ಈಗ ಕಾಳು ಒಣಗಿಸೋದು, ತೇವಾಂಶ ಇಳಿಯೋದನ್ನ ಕಾಯೋದು, ಮೋಡ ಕಂಡ ಕೂಡಲೇ ತಾಡಪತ್ರಿ ಹೊದಿಸೋದು, ಇಷ್ಟೇ. ಕಾಳು ಕಾಯ್ತಾ ಕೂತಾಗ ಓದೋಕೆ ಸ್ವಲ್ಪ ಪುರಸೊತ್ತು ಸಿಗುತ್ತೆ. ಈ ಸಲ ಓದಿದ್ದು ಬೆಲೆ, ಗೊಬ್ಬರದ ವಿಷಯ ಅಲ್ಲ, ಇತಿಹಾಸ. ಆದ್ರೆ ನಮ್ಮ ಕಣದಲ್ಲಿ ಬಿದ್ದಿರೋ ಇದೇ ಕಾಳಿನ ಇತಿಹಾಸ. ಸ್ವಲ್ಪ ಉದ್ದ ಆಗುತ್ತೆ, ರಾತ್ರಿ ಊಟ ಆದ್ಮೇಲೆ ನಿಧಾನಕ್ಕೆ ಓದಿ.

ಅಮೆರಿಕದಲ್ಲಿ ನವೆಂಬರ್ ತಿಂಗಳ ನಾಲ್ಕನೇ ಗುರುವಾರ ಥ್ಯಾಂಕ್ಸ್‌ಗಿವಿಂಗ್ ಅನ್ನೋ ಹಬ್ಬ ಮಾಡ್ತಾರೆ. ಅಂದ್ರೆ ಕೃತಜ್ಞತೆ ಹೇಳೋ ದಿನ. ನಮ್ಮ ಊರುಗಳಿಂದ ಅಲ್ಲಿಗೆ ಹೋಗಿರೋ ಹುಡುಗರು ಆ ವಾರ ಫೋನ್ ಮಾಡಿ ರಜೆ ಇದೆ ಅಂತಾರೆ, ಟರ್ಕಿ ಕೋಳಿ ಊಟದ ಫೋಟೋ ಕಳಿಸ್ತಾರೆ. ನೋಡೋಕೆ ಅದು ಪಟ್ಟಣದವರ ಊಟದ ಹಬ್ಬದ ಥರ ಕಾಣುತ್ತೆ. ಮೂಲದಲ್ಲಿ ಅದು ಸುಗ್ಗಿ ಹಬ್ಬ, ಅದರ ಬುಡದಲ್ಲಿರೋ ಬೆಳೆ ಮೆಕ್ಕೆಜೋಳ. ಅಲ್ಲಿನ ಶಾಲೆಯ ಮಕ್ಕಳಿಗೆ ತಲೆಮಾರುಗಟ್ಟಲೆ ಹೇಳಿಕೊಟ್ಟ ಕಥೆ ಹೀಗಿದೆ: ಇಂಗ್ಲೆಂಡಿನಿಂದ ಬಂದವರು ಕಷ್ಟಪಟ್ಟು ಬೆಳೆ ತೆಗೆದ್ರು, ದೇವರಿಗೆ ಕೃತಜ್ಞತೆ ಹೇಳಿ, ಪಕ್ಕದ ಕಾಡಿನ ಜನರನ್ನ ಊಟಕ್ಕೆ ಕರೆದ್ರು. ಒಬ್ಬ ರೈತ ಆ ಕಾಲದ ದಾಖಲೆಗಳನ್ನ ಓದಿದ್ರೆ ಕಥೆ ಬೇರೆ ಥರ ಕಾಣುತ್ತೆ. ಹೊಲ ಯಾರದ್ದು, ಬೀಜ ಯಾರದ್ದು, ಬಿತ್ತೋಕೆ ಕಲಿಸಿದವರು ಯಾರು ಅನ್ನೋ ಮೂರು ಪ್ರಶ್ನೆ ಕೇಳಿದ್ರೆ ಸಾಕು.

ಮೊದಲು ಅಲ್ಲಿನ ಹವಾಮಾನ ತಿಳ್ಕೊಳ್ಳೋಣ. ಈ ಕಥೆ ನಡೆದಿದ್ದು ಈಗಿನ ಮ್ಯಾಸಚೂಸೆಟ್ಸ್ ರಾಜ್ಯದ ಕರಾವಳಿಯಲ್ಲಿ. ನ್ಯೂ ಇಂಗ್ಲೆಂಡ್ ಅಂತ ಆ ಭಾಗಕ್ಕೆ ಹೆಸರು. ಅಲ್ಲಿ ನಮ್ಮ ಥರ ಮುಂಗಾರು, ಹಿಂಗಾರು, ಬೇಸಿಗೆ ಬೆಳೆ ಅಂತ ಮೂರು ಅವಕಾಶ ಇಲ್ಲ. ವಸಂತದಲ್ಲಿ ಹಿಮ ಬೀಳೋದು ನಿಂತ ಮೇಲೆ ಬಿತ್ತಬೇಕು, ಶರತ್ಕಾಲದಲ್ಲಿ ಮತ್ತೆ ಹಿಮ ಬೀಳೋದರೊಳಗೆ ಕೊಯ್ದು ಒಳಗೆ ಹಾಕಬೇಕು. ಒಂದೇ ಬೆಳೆ. ಅದು ಕೈಕೊಟ್ರೆ ಮುಂದಿನ ಹತ್ತು ತಿಂಗಳು ಉಪವಾಸ. ಹಾಗಾಗಿ ನವೆಂಬರ್ ಅಂದ್ರೆ ಅವರಿಗೆ ವರ್ಷದ ಲೆಕ್ಕ ಮುಗಿಯೋ ತಿಂಗಳು. ಮನೆಯೊಳಗೆ ಎಷ್ಟು ಬಂತು, ವಸಂತದವರೆಗೆ ಎಷ್ಟು ಬಾಯಿಗೆ ಸಾಲುತ್ತೆ ಅನ್ನೋದು ಆಗಲೇ ಗೊತ್ತಾಗೋದು.

ಇಂಥಾ ನವೆಂಬರ್‌ನಲ್ಲೇ, 1620ರಲ್ಲಿ, ಮೇಫ್ಲವರ್ ಅನ್ನೋ ಹಡಗು 102 ಪ್ರಯಾಣಿಕರನ್ನ ಹೊತ್ತು ಕೇಪ್ ಕಾಡ್ ಅನ್ನೋ ಭೂಶಿರಕ್ಕೆ ಬಂತು. ಇಂಗ್ಲೆಂಡಿನ ಚರ್ಚಿನ ಜೊತೆ ಹೊಂದಿಕೆಯಾಗದೆ ಹೊರಟ ಧಾರ್ಮಿಕ ಗುಂಪೊಂದು ಅದರಲ್ಲಿತ್ತು. ಈಗ ಅವರನ್ನ ಪಿಲ್‌ಗ್ರಿಮ್‌ಗಳು, ಅಂದ್ರೆ ಯಾತ್ರಿಕರು ಅಂತ ಕರೀತಾರೆ. ಬಂದ ಹೊತ್ತು ನೋಡಿ: ಬಿತ್ತೋ ಕಾಲ ಮುಗಿದು, ಕೊಯ್ಯೋ ಕಾಲವೂ ಮುಗಿದು, ಚಳಿ ಶುರುವಾಗಿತ್ತು. ಕೈಯಲ್ಲಿ ಆ ನೆಲಕ್ಕೆ ಒಗ್ಗೋ ಬೀಜವೂ ಇರಲಿಲ್ಲ.

ದಡಕ್ಕಿಳಿದು ತಿರುಗಾಡುವಾಗ ಅವರಿಗೆ ಮರಳಿನ ದಿಬ್ಬಗಳು ಕಂಡವು. ಅಗೆದು ನೋಡಿದ್ರೆ ಒಳಗೆ ಬುಟ್ಟಿಯಲ್ಲಿ ಮೆಕ್ಕೆಜೋಳ. ಕೆಲವು ತೆನೆ ಹಳದಿ, ಕೆಲವು ಕೆಂಪು, ಕೆಲವಕ್ಕೆ ನೀಲಿ ಬೆರೆತಿತ್ತು ಅಂತ ಅವರೇ ಬರೆದಿಟ್ಟಿದ್ದಾರೆ. ನಮ್ಮಲ್ಲಿ ಇದಕ್ಕೆ ಹೆಸರಿದೆ: ಹಗೇವು. ನಮ್ಮ ಅಜ್ಜಂದಿರ ಕಾಲದಲ್ಲಿ ರಾಗಿ, ಜೋಳ ಹಾಕಿ ಮುಚ್ಚಿಡ್ತಿದ್ದ ನೆಲದೊಳಗಿನ ಹಗೇವು ನೋಡಿದವರು ಇನ್ನೂ ನಮ್ಮೂರುಗಳಲ್ಲಿ ಇದ್ದಾರೆ. ಬೇರೆಯವರ ಹಗೇವಿಗೆ ಕೈ ಹಾಕೋದು ಅಂದ್ರೆ ಏನು ಅಂತ ಅವರಿಗೆ ಬಿಡಿಸಿ ಹೇಳಬೇಕಿಲ್ಲ. ಅದು ನೌಸೆಟ್ ಅನ್ನೋ ಜನರ ಕಾಳು. ಪಿಲ್‌ಗ್ರಿಮ್‌ಗಳು ಎರಡು ಸಲ ಹೋಗಿ ಒಟ್ಟು ಹತ್ತು ಬುಷೆಲ್‌ನಷ್ಟು ತಂದ್ರು. ಒಂದು ಬುಷೆಲ್ ಮೆಕ್ಕೆಜೋಳ ಅಂದ್ರೆ ಸುಮಾರು 25 ಕೆಜಿ, ಅಂದ್ರೆ ಎರಡೂವರೆ ಕ್ವಿಂಟಲ್. ಕಾಳಿನ ಯಜಮಾನರು ಸಿಕ್ಕಾಗ ಬೆಲೆ ಕೊಡ್ತೀವಿ ಅಂತ ಅಂದ್ಕೊಂಡ್ರು, ಮುಂದಿನ ವರ್ಷ ಕೊಟ್ಟೂ ಕೊಟ್ರು. ಅದನ್ನೂ ಹೇಳಬೇಕು. ಆದ್ರೆ ಆ ಕಾಳು ಸಿಗದಿದ್ರೆ ಮುಂದಿನ ವಸಂತಕ್ಕೆ ಬಿತ್ತೋಕೆ ಏನೂ ಇರ್ತಿರಲಿಲ್ಲ ಅನ್ನೋದನ್ನ ಅವರ ಮುಖಂಡ ವಿಲಿಯಂ ಬ್ರ್ಯಾಡ್‌ಫರ್ಡ್ ಕೂಡ ಒಪ್ಪಿಕೊಂಡು ಬರೆದಿದ್ದಾನೆ. ನಾವು ಎಕರೆಗೆ 8 ಕೆಜಿ ಬೀಜ ಹಿಡೀತೀವಿ. ಆ ಲೆಕ್ಕದಲ್ಲಿ 20 ಎಕರೆಗೆ 160 ಕೆಜಿ. ಮುಂದಿನ ವರ್ಷ ಅವರು ಬಿತ್ತಿದ್ದು ಸುಮಾರು 20 ಎಕರೆ. ಬೀಜದ ಪ್ರಶ್ನೆಗೆ ಉತ್ತರ ಇಲ್ಲೇ ಸಿಕ್ಕಿತು.

ಇನ್ನು ಹೊಲ. ಡಿಸೆಂಬರ್‌ನಲ್ಲಿ ಅವರು ನೆಲೆ ನಿಂತ ಜಾಗಕ್ಕೆ ಪ್ಲಿಮತ್ ಅಂತ ಹೆಸರು. ಅಲ್ಲಿ ಕಾಡು ಕಡಿಯೋ ಕೆಲಸವೇ ಹೆಚ್ಚಿರಲಿಲ್ಲ, ಮೊದಲೇ ಹಸನು ಮಾಡಿದ ಹೊಲ, ಪಕ್ಕದಲ್ಲಿ ಸಿಹಿನೀರಿನ ಹಳ್ಳ. ಯಾಕಂದ್ರೆ ಅದು ಪಟಕ್ಸೆಟ್ ಅನ್ನೋ ಊರು. ವಾಂಪನೋಗ್ ಜನ ಅಲ್ಲಿ ಉಳುಮೆ ಮಾಡ್ಕೊಂಡಿದ್ರು. 1616ರಿಂದ 1619ರ ನಡುವೆ ಯುರೋಪಿನ ಹಡಗುಗಳ ಜೊತೆ ಬಂದ ಯಾವುದೋ ರೋಗ ಆ ಕರಾವಳಿಯ ಬಹುಪಾಲು ಜನರನ್ನ ಬಲಿ ತಗೊಂಡಿತ್ತು. ಊರಿಗೆ ಊರೇ ಖಾಲಿ. ನಮ್ಮ ಕಂದಾಯ ದಾಖಲೆಯಲ್ಲಿ ಜನ ಇಲ್ಲದ ಊರಿಗೆ ಬೇಚರಾಕ್ ಗ್ರಾಮ ಅಂತ ಬರೀತಾರಲ್ಲ, ಹಾಗೆ. ಆ ಬೇಚರಾಕ್ ಊರಿನ ಹೊಲದಲ್ಲೇ ಹೊಸಬರು ಮನೆ ಕಟ್ಟಿದ್ದು. ಆ ಚಳಿಗಾಲದಲ್ಲಿ ಅವರಲ್ಲೂ ಹೆಚ್ಚುಕಡಿಮೆ ಅರ್ಧದಷ್ಟು ಜನ ಕಾಯಿಲೆಗೆ ಸತ್ತರು.

ಮೂರನೇ ಪ್ರಶ್ನೆ, ಕಲಿಸಿದವರು ಯಾರು. 1621ರ ವಸಂತದಲ್ಲಿ ಒಬ್ಬ ಮನುಷ್ಯ ಅವರ ಹತ್ರ ಬಂದ, ಹೆಸರು ಟಿಸ್ಕ್ವಾಂಟಮ್. ಅಮೆರಿಕದ ಮಕ್ಕಳ ಪುಸ್ತಕಗಳಲ್ಲಿ ಸ್ಕ್ವಾಂಟೋ ಅಂತ ಇರುತ್ತೆ. ಇವನು ಅದೇ ಪಟಕ್ಸೆಟ್ ಊರಿನವನು. 1614ರಲ್ಲಿ ಒಬ್ಬ ಇಂಗ್ಲಿಷ್ ಕಪ್ತಾನ ಇವನನ್ನೂ ಇನ್ನೂ ಹಲವರನ್ನೂ ಮೋಸದಿಂದ ಹಡಗಿಗೆ ಹತ್ತಿಸ್ಕೊಂಡು ಹೋಗಿ ಸ್ಪೇನ್ ದೇಶದ ಮಲಗಾದಲ್ಲಿ ಗುಲಾಮರಾಗಿ ಮಾರೋಕೆ ನೋಡಿದ್ದ. ಅಲ್ಲಿಂದ ಹೇಗೋ ತಪ್ಪಿಸ್ಕೊಂಡು ಲಂಡನ್ ಸೇರಿ, ಇಂಗ್ಲಿಷ್ ಕಲಿತು, 1619ರಲ್ಲಿ ವಾಪಸ್ ಊರಿಗೆ ಬಂದ್ರೆ ಮಾತಾಡಿಸೋಕೆ ಒಬ್ಬರೂ ಉಳಿದಿರಲಿಲ್ಲ. ಅಪ್ಪನ ಹೊಲ ಇದೆ, ಮನೆಯವರಿಲ್ಲ. ಮುಂದೆ ಆ ಹೊಲಕ್ಕೆ ಬಂದು ಕೂತವರಿಗೆ ಅವನೇ ಬಿತ್ತನೆ ಕಲಿಸಿದ.

ಅವನು ಕಲಿಸಿದ್ದು ಏನು ಅಂತ ಬ್ರ್ಯಾಡ್‌ಫರ್ಡ್ ಬರೆದಿದ್ದಾನೆ. ಇದು ಹಳೇ ನೆಲ, ಸವೆದಿದೆ, ಬರೀ ಕಾಳು ಹಾಕಿದ್ರೆ ಏನೂ ಬರಲ್ಲ, ಏಪ್ರಿಲ್ ಮಧ್ಯದಲ್ಲಿ ಸಮುದ್ರದಿಂದ ಈ ಹಳ್ಳಕ್ಕೆ ಮೀನು ಹತ್ತಿ ಬರುತ್ತೆ, ಅದನ್ನ ಹಿಡಿದು ಬೀಜದ ಜೊತೆ ಹಾಕಿ ಅಂದ. ಗುಣಿ ಮಾಡಿ ಮೀನು ಹಾಕಿ, ಮಣ್ಣು ಏರಿಸಿ ಕಾಳು ಊರೋದು. ನೆಲದ ಸತ್ವ ಇಳಿದಿದೆ ಅಂತ ಗುರುತಿಸಿ, ಅಲ್ಲೇ ಸಿಗೋ ಗೊಬ್ಬರ ತೋರಿಸಿದ ಮನುಷ್ಯ ಅವನು. ಇವತ್ತಿನ ಭಾಷೆಯಲ್ಲಿ ಹೇಳೋದಾದ್ರೆ ಮಣ್ಣು ಪರೀಕ್ಷೆ ಮಾಡಿ ಶಿಫಾರಸು ಕೊಟ್ಟ ಹಾಗೆ. ಓಕ್ ಮರದ ಚಿಗುರೆಲೆ ಅಳಿಲಿನ ಕಿವಿಯಷ್ಟಾದಾಗ ಬಿತ್ತಬೇಕು ಅನ್ನೋ ಮಾತೂ ಆ ಕಡೆಯ ಮೂಲನಿವಾಸಿಗಳಿಂದ ಬಂದಿದ್ದು ಅಂತ ಹೇಳ್ತಾರೆ. ನಾವು ರೋಹಿಣಿ, ಮೃಗಶಿರಾ ಅಂತ ಮಳೆ ನಕ್ಷತ್ರ ನೋಡಿದ ಹಾಗೆ ಅವರಿಗೆ ಮರದ ಚಿಗುರು ಪಂಚಾಂಗ.

ವಾಂಪನೋಗ್ ಜನರಲ್ಲಿ ಹೊಲದ ಕೆಲಸ ಬಹುಪಾಲು ಹೆಂಗಸರದ್ದು. ಒಂದೇ ಗುಣಿಯ ಸುತ್ತ ಮೆಕ್ಕೆಜೋಳ, ಹುರುಳಿಕಾಯಿ ಜಾತಿಯ ಬಳ್ಳಿ, ಕುಂಬಳ ಹಾಕ್ತಿದ್ರು. ಬಳ್ಳಿಗೆ ದಂಟೇ ಆಸರೆ. ಬಳ್ಳಿಯ ಬೇರಿನ ಗಂಟು ಸಾರಜನಕ ಹಿಡಿಯುತ್ತೆ. ಕುಂಬಳದ ಎಲೆ ನೆಲ ಮುಚ್ಚಿ ಕಳೆ ತಡೆಯುತ್ತೆ, ತೇವ ಉಳಿಸುತ್ತೆ. ಉತ್ತರ ಅಮೆರಿಕದ ಮೂಲನಿವಾಸಿಗಳು ಇದನ್ನ ಮೂವರು ಅಕ್ಕತಂಗಿಯರು ಅಂತ ಕರೀತಾರೆ. ನಾವು ಅಕ್ಕಡಿ ಸಾಲು ಅಂತೀವಲ್ಲ, ಅದೇ ಬುದ್ಧಿ. ನಮ್ಮ ಅಕ್ಕಡಿ ಸಾಲು ಟ್ರ್ಯಾಕ್ಟರ್ ಮತ್ತು ಕಳೆನಾಶಕದ ಕಾಲದಲ್ಲಿ ಹೋಯ್ತು, ಅವರದ್ದು ನೆಲ ಕೈತಪ್ಪಿದಾಗ ಹೋಯ್ತು.

ಇನ್ನು 1621ರ ಬೆಳೆಯ ವರದಿ. ಎಡ್ವರ್ಡ್ ವಿನ್‌ಸ್ಲೋ ಅನ್ನೋನು ಆ ಡಿಸೆಂಬರ್‌ನಲ್ಲಿ ಇಂಗ್ಲೆಂಡಿಗೆ ಬರೆದ ಪತ್ರದಲ್ಲಿದೆ. ಮೆಕ್ಕೆಜೋಳ 20 ಎಕರೆ, ಬಾರ್ಲಿ ಮತ್ತು ಬಟಾಣಿ ಸೇರಿ 6 ಎಕರೆ. ಸ್ಥಳೀಯರ ಪದ್ಧತಿಯಂತೆ ಮೀನಿನ ಗೊಬ್ಬರ ಹಾಕಿದ ಮೆಕ್ಕೆಜೋಳ ಚೆನ್ನಾಗಿ ಬಂತು. ಬಾರ್ಲಿ ಸುಮಾರು. ಬಟಾಣಿ ಚೆನ್ನಾಗಿ ಎದ್ದು ಹೂವು ಬಿಡ್ತು, ಹೂವಿನಲ್ಲೇ ಬಿಸಿಲಿಗೆ ಸುಟ್ಟೋಯ್ತು, ತಡವಾಗಿ ಬಿತ್ತಿದ್ದೇ ಕಾರಣ ಇರಬೇಕು ಅಂತ ಬರೀತಾನೆ. ನಾಲ್ಕು ನೂರು ವರ್ಷದ ಹಿಂದಿನ ಕಾಗದ, ಓದಿದ್ರೆ ನಮ್ಮ ಗುಂಪಿನ ಯಾರೋ ಹೋದ ವಾರ ಬರೆದಿದ್ದೇನೋ ಅನ್ಸುತ್ತೆ. ಅರ್ಥ ಇಷ್ಟೇ: ಊರಿಂದ ತಂದ ಬೀಜ ಕೈಕೊಡ್ತು, ಈ ನೆಲದ ಬೀಜ, ಈ ನೆಲದವನ ಬುದ್ಧಿ ಕೈ ಹಿಡೀತು.

ಆ ಸುಗ್ಗಿಯ ಊಟವೇ ಈಗಿನ ಹಬ್ಬದ ಮೂಲಕಥೆ. ದಿನಾಂಕ ಗೊತ್ತಿಲ್ಲ, ಸೆಪ್ಟೆಂಬರ್ ಕೊನೆಯಿಂದ ನವೆಂಬರ್ ಮೊದಲ ವಾರದೊಳಗೆ ಯಾವಾಗಲೋ ನಡೆದಿದೆ. ಉಳಿದಿದ್ದ ಇಂಗ್ಲಿಷರು ಸುಮಾರು 50 ಜನ. ವಾಂಪನೋಗ್ ಮುಖಂಡ ಮಸ್ಸಸೋಯಿಟ್ ಜೊತೆ ಬಂದವರು 90 ಗಂಡಸರು. ಮೂರು ದಿನ ಊಟ, ಆಟ. ಬಂದವರು ಬೇಟೆಯಾಡಿ ಐದು ಜಿಂಕೆ ತಂದುಕೊಟ್ರು. ವಿನ್‌ಸ್ಲೋ ಪತ್ರದಲ್ಲಿ ಹಕ್ಕಿ ಬೇಟೆಯ ಮಾತಿದೆ, ಟರ್ಕಿ ಕೋಳಿಯ ಹೆಸರಿಲ್ಲ. ಥ್ಯಾಂಕ್ಸ್‌ಗಿವಿಂಗ್ ಅನ್ನೋ ಪದವೂ ಇಲ್ಲ. ಈಗ ಲೆಕ್ಕ ಹಾಕಿ: ಹೊಲ ಅವರ ಕಡೆಯದ್ದು, ಬೀಜ ಅವರ ಕಡೆಯದ್ದು, ಬಿತ್ತೋ ವಿದ್ಯೆ ಅವರದ್ದು, ಮಾಂಸವೂ ಅವರು ತಂದಿದ್ದು. ಕಥೆಯಲ್ಲಿ ಮಾತ್ರ ಅವರು ಅತಿಥಿಗಳು!

ಕಥೆಯಲ್ಲಿ ಬರದೇ ಇರೋ ಇನ್ನೊಂದು ವಿಷಯ. ಆ ಊಟ ಮುಗಿದ ಸ್ವಲ್ಪ ದಿನಕ್ಕೆ, ನವೆಂಬರ್‌ನಲ್ಲಿ, ಫಾರ್ಚೂನ್ ಅನ್ನೋ ಹಡಗು ಇನ್ನೂ 35 ಜನರನ್ನ ತಂದು ಇಳಿಸ್ತು, ಜೊತೆಗೆ ಆಹಾರ ಇಲ್ಲ. ಎಲ್ಲರ ಪಡಿ ಅರ್ಧಕ್ಕೆ ಇಳೀತು. ಸುಗ್ಗಿ ಊಟ ಉಂಡ ಜನವೇ ಆ ಚಳಿಗಾಲ ಅರೆಹೊಟ್ಟೆಯಲ್ಲಿ ಕಳೆದ್ರು. 1622ರ ಕೊನೆಯಲ್ಲಿ ಟಿಸ್ಕ್ವಾಂಟಮ್ ಜ್ವರ ಬಂದು ಸತ್ತ.

ಅವರು ನಿಜವಾಗಿ ಕೃತಜ್ಞತೆಯ ದಿನ ಅಂತ ಆಚರಿಸಿದ್ದು 1623ರಲ್ಲಿ, ಅದೂ ಮಳೆಗಾಗಿ. ಮೇ ಮೂರನೇ ವಾರದಿಂದ ಜುಲೈ ಮಧ್ಯದವರೆಗೆ ಹನಿ ಮಳೆ ಇಲ್ಲ. ಮೆಕ್ಕೆಜೋಳ ಬಾಡಿ ಒಣಗೋಕೆ ಶುರುವಾಯ್ತು. ಉಪವಾಸ ಮಾಡಿ ಪ್ರಾರ್ಥನೆ ಮಾಡಿದ್ರು. ಮೋಡ ಕಟ್ಟಿ, ಗಾಳಿ ಗುಡುಗಿಲ್ಲದೆ ಸಣ್ಣಗೆ ಹಿಡಿದ ಮಳೆ ನೆಲದೊಳಗೆ ಇಳೀತು, ಸತ್ತಂಗಿದ್ದ ಪೈರು ಎದ್ದು ನಿಲ್ತು ಅಂತ ಬ್ರ್ಯಾಡ್‌ಫರ್ಡ್ ವರ್ಣಿಸ್ತಾನೆ. ಸೂಲಂಗಿ ಒಡೆಯೋ ಹೊತ್ತಿಗೆ ಮಳೆಗಾಗಿ ಆಕಾಶ ನೋಡಿದ ಯಾವ ರೈತನಿಗೂ ಆ ಸಾಲು ಓದಿ ಎದೆ ತುಂಬಿ ಬರುತ್ತೆ. ಆ ಜನರ ಭಕ್ತಿ, ಕಷ್ಟ ಎರಡೂ ಸುಳ್ಳಲ್ಲ. ಕೃತಜ್ಞತೆ ಯಾರ್ಯಾರಿಗೆ ಸಲ್ಲಬೇಕಿತ್ತು ಅನ್ನೋದಷ್ಟೇ ನನ್ನ ಪ್ರಶ್ನೆ.

ಮುಂದಿನ ಐವತ್ತು ವರ್ಷದಲ್ಲಿ ಆಗಿದ್ದನ್ನ ನಾವು ಬೇಲಿಯ ಲೆಕ್ಕದಲ್ಲಿ ಅರ್ಥ ಮಾಡ್ಕೋಬಹುದು. ಇಂಗ್ಲಿಷರು ದನ, ಹಂದಿ ತಂದು ಹೊರಗೆ ಬಿಟ್ಟು ಮೇಯಿಸ್ತಿದ್ರು. ಮೂಲನಿವಾಸಿಗಳ ಹೊಲಕ್ಕೆ ಬೇಲಿ ಇರಲಿಲ್ಲ, ಯಾಕಂದ್ರೆ ಅವರ ಹತ್ರ ಬೇಲಿ ಬೇಕಾಗೋಂಥ ಸಾಕುಪ್ರಾಣಿಗಳೇ ಇರಲಿಲ್ಲ. ಹಂದಿಗಳು ಜೋಳದ ಹೊಲ ಕೆಡಿಸಿದ್ವು, ಹಗೇವು ಅಗೆದ್ವು, ಸಮುದ್ರದ ದಡದಲ್ಲಿ ಅವರು ಆರಿಸ್ಕೊಳ್ತಿದ್ದ ಚಿಪ್ಪುಮೀನನ್ನೂ ಬಿಡಲಿಲ್ಲ. ಪಕ್ಕದ ನರಗ್ಯಾನ್ಸೆಟ್ ಜನರ ಮುಖಂಡ ಮಿಯಾಂಟೊನೊಮೊ 1642ರಲ್ಲೇ ಎಚ್ಚರಿಸಿದ್ದ: ನಮ್ಮ ಅಪ್ಪಂದಿರ ಕಾಲದಲ್ಲಿ ಜಿಂಕೆ, ಹಕ್ಕಿ, ಮೀನು ಯಥೇಚ್ಛ ಇತ್ತು, ಈಗ ಇವರ ದನ ಹುಲ್ಲು ತಿಂತಾವೆ, ಹಂದಿ ದಡ ಕೆಡಿಸ್ತಾವೆ, ನಾವು ಉಪವಾಸ ಸಾಯ್ತೀವಿ ಅನ್ನೋದು ಅವನ ಮಾತಿನ ಸಾರ. ಕಾಡುಹಂದಿ ಒಂದೇ ರಾತ್ರಿಯಲ್ಲಿ ಮಾಡೋ ಅನಾಹುತ ನೋಡಿರೋ ನಮಗೆ ಈ ದೂರಿನ ತೂಕ ಗೊತ್ತು. ಜೊತೆಗೆ ಭೂಮಿ ಬರೆಸ್ಕೊಳ್ಳೋದು, ಸಾಲಕ್ಕೆ ಹಿಡಿಯೋದು ನಡೀತಾನೇ ಇತ್ತು. 1675ರಲ್ಲಿ ಯುದ್ಧ ಶುರುವಾಯ್ತು. ಆ ಕಡೆಯ ಮುಖಂಡ ಮೆಟಾಕಾಮ್, ಅಂದು ಐದು ಜಿಂಕೆ ತಂದ ಮಸ್ಸಸೋಯಿಟ್‌ನ ಮಗ. 1676ರಲ್ಲಿ ಅವನನ್ನ ಕೊಂದು ತಲೆಯನ್ನ ಪ್ಲಿಮತ್‌ನಲ್ಲಿ ಕಂಬಕ್ಕೆ ಸಿಕ್ಕಿಸಿ ವರ್ಷಗಟ್ಟಲೆ ಇಟ್ರು. ಸೋತವರಲ್ಲಿ ಎಷ್ಟೋ ಜನರನ್ನ ಕೆರಿಬಿಯನ್ ದ್ವೀಪಗಳಿಗೆ ಗುಲಾಮರಾಗಿ ಮಾರಿದ್ರು. ಊಟದಿಂದ ಇಲ್ಲಿಗೆ ಬರೋಕೆ ಒಂದು ತಲೆಮಾರು ಸಾಕಾಯ್ತು.

ಆಮೇಲಿನ ನೂರೈವತ್ತು ವರ್ಷದಲ್ಲಿ ನ್ಯೂ ಇಂಗ್ಲೆಂಡಿನ ರೈತರ ಮನೆಗಳಲ್ಲಿ ಥ್ಯಾಂಕ್ಸ್‌ಗಿವಿಂಗ್ ನಿಜವಾದ ಸುಗ್ಗಿ ಹಬ್ಬವಾಗಿ ಬೆಳೀತು. ಆ ಜನ ಕ್ರಿಸ್‌ಮಸ್ ಒಪ್ತಿರಲಿಲ್ಲ, ಮ್ಯಾಸಚೂಸೆಟ್ಸ್‌ನಲ್ಲಿ 1659ರಿಂದ 1681ರವರೆಗೆ ಕ್ರಿಸ್‌ಮಸ್ ಆಚರಿಸಿದ್ರೆ ದಂಡವೇ ಇತ್ತು. ಹಾಗಾಗಿ ವರ್ಷದ ದೊಡ್ಡ ಹಬ್ಬ ಇದೇ. ಪ್ರತಿ ವರ್ಷ ಬೆಳೆ ಒಳಗೆ ಬಂದ ಮೇಲೆ ಗವರ್ನರ್ ದಿನ ಗೊತ್ತು ಮಾಡಿ ಸಾರಿಸ್ತಿದ್ದ.

ಹಬ್ಬಕ್ಕಿಂತ ಮುಂಚಿನ ಆ ಐದಾರು ವಾರ ಹೇಗಿರ್ತಿತ್ತು ಅನ್ನೋದು ನನಗೆ ಬಹಳ ಹಿಡಿಸಿತು. ಮೆಕ್ಕೆಜೋಳದ ತೆನೆ ತಂದು ದೊಡ್ಡ ಕೊಟ್ಟಿಗೆಯಲ್ಲಿ ರಾಶಿ ಹಾಕೋರು. ರಾತ್ರಿ ಅಕ್ಕಪಕ್ಕದ ಮನೆಯವರೆಲ್ಲ ಬಂದು ಲಾಟೀನು ಬೆಳಕಲ್ಲಿ ಸಿಪ್ಪೆ ಸುಲಿಯೋರು. ಇವತ್ತು ನಿಮ್ಮನೆ, ನಾಳೆ ನಮ್ಮನೆ, ನಮ್ಮ ಮುಯ್ಯಾಳಿನ ಥರ. ಕೂಲಿ ಇಲ್ಲ, ಊಟ, ಸೇಬಿನ ಪಾನೀಯ, ಹಾಡು. ಸುಲಿಯುವಾಗ ಕೆಂಪು ತೆನೆ ಸಿಕ್ಕಿದ ಹುಡುಗ ತನಗೆ ಬೇಕಾದ ಹುಡುಗಿಗೆ ಮುತ್ತು ಕೊಡಬಹುದಿತ್ತಂತೆ. ಈಗಿನ ಹೈಬ್ರಿಡ್‌ನಲ್ಲಿ ಎಲ್ಲಾ ತೆನೆಯೂ ಒಂದೇ ಬಣ್ಣ, ಆ ಆಸೆಯೂ ಇಲ್ಲ.

ಸೇಬು ಹೆಚ್ಚಿ ದಾರಕ್ಕೆ ಪೋಣಿಸಿ ಒಲೆ ಮೇಲೆ ತೂಗುಹಾಕೋರು, ಕುಂಬಳವನ್ನೂ ಬಳೆ ಬಳೆಯಾಗಿ ಕೊಯ್ದು ಒಣಗಿಸೋರು. ಗಡ್ಡೆಗೆಣಸು, ಎಲೆಕೋಸು ನೆಲಮಾಳಿಗೆಗೆ ಹೋಗ್ತಿತ್ತು. ಚಳಿ ಗಟ್ಟಿಯಾದ ಮೇಲೆ, ನವೆಂಬರ್‌ನಲ್ಲಿ, ಹಂದಿ, ದನ ಕಡಿಯೋ ಕೆಲಸ. ಯಾಕೆ ಆಗಲೇ ಅಂದ್ರೆ ಎರಡು ಕಾರಣ: ಚಳಿಯಲ್ಲಿ ಮಾಂಸ ಕೆಡಲ್ಲ, ಮತ್ತೆ ಚಳಿಗಾಲ ಪೂರ್ತಿ ಎಲ್ಲಾ ಪ್ರಾಣಿಗಳಿಗೂ ಹಾಕೋವಷ್ಟು ಮೇವು ಇರ್ತಿರಲಿಲ್ಲ. ಬಣವೆ ಅಳೆದು, ಎಷ್ಟು ತಲೆ ಉಳಿಸಬಹುದು ಅಂತ ಲೆಕ್ಕ ಹಾಕಿ, ಉಳಿದಿದ್ದನ್ನ ಉಪ್ಪು ಹಾಕಿ ಪೀಪಾಯಿಗೆ ತುಂಬೋರು. ಕೊಬ್ಬು ಕಾಯಿಸಿ ವರ್ಷಕ್ಕಾಗೋಷ್ಟು ಮೇಣದಬತ್ತಿ ಮಾಡ್ಕೊಳ್ಳೋರು. ಮನೆಯ ಬುನಾದಿ ಸುತ್ತ ಉದುರಿದ ಎಲೆ, ಹುಲ್ಲು, ಜೋಳದ ಸೊಪ್ಪೆ ಒಟ್ಟಿ ಗಾಳಿ ನುಗ್ಗದ ಹಾಗೆ ಮಾಡೋರು. ಸೌದೆ ಒಟ್ಟೋದಂತೂ ಮುಗಿಯದ ಕೆಲಸ.

ಟರ್ಕಿ ಕೋಳಿ ಸಾಗಿಸೋ ಕಥೆ ಇನ್ನೂ ಚೆಂದ. ರೈಲು ಬರೋಕ್ಕಿಂತ ಮುಂಚೆ ವರ್ಮಾಂಟ್ ಕಡೆಯ ರೈತರು ನೂರಾರು ಕೋಳಿಗಳನ್ನ ನಡೆಸ್ಕೊಂಡೇ ಬಾಸ್ಟನ್ ಪೇಟೆಗೆ ಹೊಡ್ಕೊಂಡು ಹೋಗ್ತಿದ್ರು, ನಮ್ಮ ಕುರಿಗಾಹಿಗಳು ಹಿಂಡು ಹೊಡ್ಕೊಂಡು ಹೋದ ಹಾಗೆ. ಮುಂದೆ ಕಾಳು ಚೆಲ್ತಾ ಒಬ್ಬ, ಹಿಂದೆ ಓಡಿಸ್ತಾ ಹುಡುಗರು. ಕತ್ತಲಾದ್ರೆ ಕೋಳಿಗಳು ಅಲ್ಲೇ ಸಿಕ್ಕಿದ ಮರ ಹತ್ತಿಬಿಡ್ತಿದ್ವು, ಆಮೇಲೆ ಏನು ಮಾಡಿದ್ರೂ ಇಳೀತಿರಲಿಲ್ಲ. ಚಾವಣಿ ಇರೋ ಸೇತುವೆ ಬಂದ್ರೆ ಒಳಗಿನ ಕತ್ತಲೆಗೆ ರಾತ್ರಿ ಆಯ್ತು ಅಂತ ನಿಂತುಬಿಡ್ತಿದ್ವು ಅಂತಾನೂ ಹೇಳ್ತಾರೆ.

ಹಬ್ಬದ ಹಿಂದಿನ ವಾರ ಹೆಂಗಸರಿಗೆ ಪೈ ಬೇಯಿಸೋದೇ ಕೆಲಸ. ಪೈ ಅಂದ್ರೆ ಹಿಟ್ಟಿನ ಹೊದಿಕೆಯೊಳಗೆ ಸೇಬು, ಕುಂಬಳ, ಮಾಂಸ ತುಂಬಿ ಬೇಯಿಸೋದು. ಒಲೆ ಇಲ್ಲದ ಕೋಣೆಯಲ್ಲಿ ಇಟ್ರೆ ಚಳಿಗೆ ಗಡ್ಡೆ ಕಟ್ಟಿ ತಿಂಗಳುಗಟ್ಟಲೆ ಉಳೀತಿತ್ತು. ಪೇಟೆಗೆ, ಗಿರಣಿ ಕೆಲಸಕ್ಕೆ ಹೋದ ಮಕ್ಕಳು ಆ ದಿನಕ್ಕೆ ಊರಿಗೆ ಬರೋರು. ಈಗಲೂ ಆ ಹಬ್ಬದಲ್ಲಿ ಉಳಿದಿರೋದು ಅದೇ, ಎಲ್ಲಿದ್ರೂ ಮನೆಗೆ ಬಂದು ಒಟ್ಟಿಗೆ ಉಣ್ಣೋದು.

ಇದನ್ನ ಇಡೀ ದೇಶದ ಹಬ್ಬ ಮಾಡಿಸಿದ್ದು ಒಬ್ಬ ಹೆಣ್ಣುಮಗಳು, ಸಾರಾ ಜೋಸೆಫಾ ಹೇಲ್. ನ್ಯೂ ಹ್ಯಾಂಪ್‌ಶೈರ್‌ನ ಹೊಲದ ಮನೆಯಲ್ಲಿ 1788ರಲ್ಲಿ ಹುಟ್ಟಿದವರು. 1822ರಲ್ಲಿ ಗಂಡ ತೀರಿಕೊಂಡಾಗ ಐದು ಮಕ್ಕಳು. ಬರವಣಿಗೆಯಿಂದಲೇ ಮಕ್ಕಳನ್ನ ಸಾಕಿ, ದೊಡ್ಡ ಪತ್ರಿಕೆಯೊಂದರ ಸಂಪಾದಕಿ ಆದ್ರು. ನಮ್ಮ ಮಕ್ಕಳು ಕಾನ್ವೆಂಟ್‌ನಲ್ಲಿ ಹೇಳೋ 'ಮೇರಿ ಹ್ಯಾಡ್ ಎ ಲಿಟಲ್ ಲ್ಯಾಂಬ್' ಪದ್ಯ 1830ರಲ್ಲಿ ಪ್ರಕಟಿಸಿದ್ದು ಇವರೇ. ವರ್ಷಗಟ್ಟಲೆ ಗವರ್ನರ್‌ಗಳಿಗೆ, ಅಧ್ಯಕ್ಷರಿಗೆ ಪತ್ರ ಬರೆದು ಬರೆದು, ಕೊನೆಗೆ 1863ರ ಅಕ್ಟೋಬರ್ 3ರಂದು, ಅಂತರ್ಯುದ್ಧದ ನಡುವೆ, ಅಬ್ರಹಾಂ ಲಿಂಕನ್ ನವೆಂಬರ್ ಕೊನೆಯ ಗುರುವಾರ ಅಂತ ಘೋಷಣೆ ಮಾಡಿದ. 1939ರಲ್ಲಿ ರೂಸ್‌ವೆಲ್ಟ್ ವ್ಯಾಪಾರಕ್ಕೆ ಅನುಕೂಲ ಆಗ್ಲಿ ಅಂತ ಒಂದು ವಾರ ಹಿಂದಕ್ಕೆ ತಂದಾಗ ಅರ್ಧ ರಾಜ್ಯಗಳು ಒಂದು ದಿನ, ಅರ್ಧ ರಾಜ್ಯಗಳು ಇನ್ನೊಂದು ದಿನ ಹಬ್ಬ ಮಾಡಿದ್ವು. 1941ರಲ್ಲಿ ಕಾನೂನು ಮಾಡಿ ನಾಲ್ಕನೇ ಗುರುವಾರ ಅಂತ ಗಟ್ಟಿ ಮಾಡಿದ್ರು.

ಗಮನಿಸಿ, ಲಿಂಕನ್ ಘೋಷಣೆಯಲ್ಲಿ ಪಿಲ್‌ಗ್ರಿಮ್‌ಗಳ ಸುದ್ದಿಯೇ ಇಲ್ಲ. 1841ರಲ್ಲಿ ಒಬ್ಬ ಸಂಪಾದಕ ವಿನ್‌ಸ್ಲೋ ಪತ್ರ ಮರುಮುದ್ರಣ ಮಾಡುವಾಗ ಅಡಿಟಿಪ್ಪಣಿಯಲ್ಲಿ ಇದೇ ಮೊದಲ ಥ್ಯಾಂಕ್ಸ್‌ಗಿವಿಂಗ್ ಅಂತ ಸೇರಿಸಿದ. ಊಟ ನಡೆದು 220 ವರ್ಷ ಆದ್ಮೇಲೆ! ಆ ಮಾತು ಮೆಲ್ಲಗೆ ಪಠ್ಯಪುಸ್ತಕಕ್ಕೆ ಹೋಯ್ತು, ಚಿತ್ರ ಆಯ್ತು, ಶಾಲೆಯ ನಾಟಕ ಆಯ್ತು. ಮೀನಿನ ಗೊಬ್ಬರ ಕಲಿಸಿದವನು ಅದರಲ್ಲಿ ಉಳಿದ, ಅವನ ಊರು ಏನಾಯ್ತು ಅನ್ನೋದು ಉಳೀಲಿಲ್ಲ.

ಲಿಂಕನ್ ಕಾಲದ ಇನ್ನೊಂದು ಕಾನೂನು ನಮಗೂ ತಾಗುತ್ತೆ. 1862ರಲ್ಲಿ ಸರ್ಕಾರಿ ಭೂಮಿಯನ್ನ ರಾಜ್ಯಗಳಿಗೆ ಕೊಟ್ಟು, ಅದನ್ನ ಮಾರಿದ ಹಣದಲ್ಲಿ ಕೃಷಿ ಕಾಲೇಜು ತೆರೆಯೋ ವ್ಯವಸ್ಥೆ ಮಾಡಿದ್ರು. ಆ ಸರ್ಕಾರಿ ಭೂಮಿ ಅಂದ್ರೆ ಮೂಲನಿವಾಸಿಗಳಿಂದ ಬಿಡಿಸಿದ ಭೂಮಿ. ನೂರು ವರ್ಷದ ನಂತರ ನಮ್ಮ ದೇಶದ ಕೃಷಿ ವಿಶ್ವವಿದ್ಯಾಲಯಗಳನ್ನ ಅದೇ ಮಾದರಿಯಲ್ಲಿ ಕಟ್ಟಿದ್ರು. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ 1964ರಲ್ಲಿ ಶುರುವಾದಾಗ ಟೆನೆಸ್ಸಿ ವಿಶ್ವವಿದ್ಯಾಲಯದ ನೆರವಿತ್ತು. ಕೃಷಿಮೇಳಕ್ಕೆ ಗಾಡಿ ಮಾಡ್ಕೊಂಡು ಹೋಗೋ ನಾವು ಆ ನೆಲದ ಋಣದಿಂದ ಪೂರ್ತಿ ಹೊರಗಿಲ್ಲ.

1970ರಲ್ಲಿ ಪಿಲ್‌ಗ್ರಿಮ್‌ಗಳು ಬಂದು 350 ವರ್ಷ ಆಯ್ತು ಅಂತ ಸಮಾರಂಭ ಮಾಡಿದಾಗ ವಾಮ್ಸುಟ್ಟಾ ಫ್ರಾಂಕ್ ಜೇಮ್ಸ್ ಅನ್ನೋ ವಾಂಪನೋಗ್ ವ್ಯಕ್ತಿಯನ್ನ ಭಾಷಣಕ್ಕೆ ಕರೆದ್ರು. ಭಾಷಣ ಮೊದಲೇ ತರಿಸ್ಕೊಂಡು ನೋಡಿದ್ರೆ ಅದರಲ್ಲಿ ಹಗೇವು ಅಗೆದಿದ್ದು, ನೆಲ ಹೋಗಿದ್ದು ಎಲ್ಲಾ ಇತ್ತು. ಹಾಗೆ ಮಾತಾಡೋ ಹಾಗಿಲ್ಲ ಅಂದ್ರು. ಅವರು ಆ ವರ್ಷ ಥ್ಯಾಂಕ್ಸ್‌ಗಿವಿಂಗ್ ದಿನವೇ ಪ್ಲಿಮತ್ ಗುಡ್ಡದ ಮೇಲೆ ಜನ ಸೇರಿಸಿ ಶೋಕದಿನ ಆಚರಿಸಿದ್ರು. ಇವತ್ತಿಗೂ ಪ್ರತಿ ವರ್ಷ ನಡೀತಿದೆ. ಮ್ಯಾಶ್‌ಪೀ ವಾಂಪನೋಗ್ ಜನರ 321 ಎಕರೆಯನ್ನ 2015ರಲ್ಲಿ ಕೇಂದ್ರ ಸರ್ಕಾರ ಅವರ ಮೀಸಲು ಭೂಮಿ ಅಂತ ಒಪ್ಪಿತು, 2020ರಲ್ಲಿ ರದ್ದು ಮಾಡೋಕೆ ಆದೇಶ ಹೊರಡಿಸ್ತು, ಕೋರ್ಟು ಕಚೇರಿ ತಿರುಗಿ 2021ರಲ್ಲಿ ಮತ್ತೆ ಉಳೀತು. ಇಡೀ ಕರಾವಳಿಯಲ್ಲಿ ಬಿತ್ತಿ ಬೆಳೆದ ಜನ 321 ಎಕರೆಗೆ ಅಲೆದಾಡಬೇಕಾಯ್ತು. ಪಹಣಿಯಲ್ಲಿ ಒಂದು ಹೆಸರು ತಿದ್ದಿಸೋಕೆ ತಾಲ್ಲೂಕು ಕಚೇರಿ ಸುತ್ತಿದವರಿಗೆ ಇದನ್ನ ವಿವರಿಸೋದು ಬೇಡ.

ಈಗ ನಮ್ಮ ಕಣಕ್ಕೆ ಬರೋಣ. ಮೆಕ್ಕೆಜೋಳ ಹುಟ್ಟಿದ್ದು ಮೆಕ್ಸಿಕೋದಲ್ಲಿ. ಸುಮಾರು 9,000 ವರ್ಷದ ಹಿಂದೆ ಅಲ್ಲಿನ ರೈತರು ಟಿಯೊಸಿಂಟೆ ಅನ್ನೋ, ಬೆರಳಷ್ಟು ತೆನೆಯಲ್ಲಿ ಹತ್ತಾರು ಗಟ್ಟಿ ಕಾಳು ಬಿಡೋ ಹುಲ್ಲನ್ನ ಆರಿಸಿ ಆರಿಸಿ ಬಿತ್ತುತ್ತಾ ತೆನೆ ಮಾಡಿದ್ರು. ಯಾವ ಕಂಪನಿಯೂ ಇರಲಿಲ್ಲ, ಲ್ಯಾಬೂ ಇರಲಿಲ್ಲ, ಮುಂದಿನ ವರ್ಷಕ್ಕೆ ಒಳ್ಳೇ ತೆನೆ ಎತ್ತಿಡೋ ಕೈಗಳಷ್ಟೇ. ಅಲ್ಲಿಂದ ಉತ್ತರಕ್ಕೆ ವಾಂಪನೋಗ್ ಹೊಲಗಳವರೆಗೆ ಹೋಯ್ತು. ಕೊಲಂಬಸ್ ನಂತರ ಸಮುದ್ರ ದಾಟಿ, ಪೋರ್ಚುಗೀಸರ ಹಡಗಿನಲ್ಲಿ ನಮ್ಮ ಕಡೆಗೂ ಬಂತು. 13ನೇ ಶತಮಾನದ ಸೋಮನಾಥಪುರ ದೇವಸ್ಥಾನದ ಶಿಲ್ಪಗಳ ಕೈಯಲ್ಲಿ ಮೆಕ್ಕೆಜೋಳದ ತೆನೆ ಇದೆ ಅಂತ ವಾದ ಮಾಡಿದವರಿದ್ದಾರೆ, ಬಹುಪಾಲು ವಿದ್ವಾಂಸರು ಅದನ್ನ ಒಪ್ಪಿಲ್ಲ. ಮೆಕ್ಕೆಜೋಳ ಒಂದೇ ಅಲ್ಲ. ಬ್ಯಾಡಗಿ ಪೇಟೆಯನ್ನ ಕೆಂಪು ಮಾಡೋ ಮೆಣಸಿನಕಾಯಿ, ಶೇಂಗಾ, ಟೊಮೆಟೊ, ಆಲೂಗಡ್ಡೆ, ಇವೆಲ್ಲ ಆ ಖಂಡದ ಜನ ಪಳಗಿಸಿದ ಬೆಳೆಗಳು. ಇವನ್ನ ತೆಗೆದುಬಿಟ್ರೆ ನಮ್ಮ ಅಡುಗೆಮನೆಯಲ್ಲಿ ಎಷ್ಟು ಉಳಿಯುತ್ತೆ ನೋಡಿ.

ಟರ್ಕಿ ಕೋಳಿಯೂ ಅಲ್ಲಿಯದ್ದೇ. ಇಂಗ್ಲಿಷರು ಅದನ್ನ ಟರ್ಕಿ ದೇಶದ್ದು ಅಂದ್ಕೊಂಡ್ರು, ಟರ್ಕಿಯವರು ಹಿಂದೂಸ್ತಾನದ್ದು ಅಂತ 'ಹಿಂದಿ' ಅಂತ ಕರೆದ್ರು. 1612ರಲ್ಲಿ ಗೋವಾದಿಂದ ಜಹಾಂಗೀರನ ಆಸ್ಥಾನಕ್ಕೆ ಒಂದು ಹೋಗಿ, ಚಿತ್ರಕಾರ ಮನ್ಸೂರ್ ಅದರ ಚಿತ್ರ ಬರೆದ. ಪ್ಲಿಮತ್ ಊಟಕ್ಕೂ ಒಂಬತ್ತು ವರ್ಷ ಮುಂಚೆ!

ಬೆಳೆ ಬಂದ ದಾರಿಯಲ್ಲೇ ಕೀಟವೂ ಬರುತ್ತೆ. ನಮ್ಮನ್ನ ಕಾಡ್ತಿರೋ ಸೈನಿಕ ಹುಳು, ಫಾಲ್ ಆರ್ಮಿವರ್ಮ್, ಅಮೆರಿಕ ಖಂಡದ್ದು. ಭಾರತದಲ್ಲಿ ಮೊದಲು ಕಂಡಿದ್ದು 2018ರಲ್ಲಿ, ನಮ್ಮ ಶಿವಮೊಗ್ಗದಲ್ಲೇ. ಫಾಲ್ ಅಂದ್ರೆ ಎಲೆ ಉದುರೋ ಕಾಲ. ಅಲ್ಲಿ ಅದು ಚಳಿಗಾಲ ತಡೆಯಲ್ಲ, ಹಿಮ ಬಿದ್ರೆ ಸಾಯುತ್ತೆ. ಬೆಚ್ಚಗಿರೋ ದಕ್ಷಿಣದ ತುದಿಯಲ್ಲಿ ಉಳಿದು, ಪ್ರತಿ ವರ್ಷ ಉತ್ತರಕ್ಕೆ ಹಾರಿ, ಬೇಸಿಗೆ ಮುಗಿದು ಎಲೆ ಉದುರೋ ಹೊತ್ತಿಗೆ ಅಲ್ಲಿಗೆ ಮುಟ್ಟುತ್ತೆ. ಅದಕ್ಕೇ ಆ ಹೆಸರು. ನ್ಯೂ ಇಂಗ್ಲೆಂಡಿನ ರೈತನಿಗೆ ನವೆಂಬರ್ ಚಳಿ ಪುಕ್ಕಟೆ ಕೀಟನಾಶಕ. ನಮಗೆ ಹಿಮ ಇಲ್ಲ, ಹುಳಕ್ಕೆ ವರ್ಷಪೂರ್ತಿ ಹಬ್ಬ. ಅದಕ್ಕೇ ಕಟಾವಿನ ಹಿಂದೆಯೇ ಮತ್ತೆ ಅದೇ ಹೊಲಕ್ಕೆ ಮೆಕ್ಕೆಜೋಳ ಹಾಕಬೇಡಿ, ನಡುವೆ ಅಲಸಂದೆ, ಕಡಲೆ ಏನಾದ್ರೂ ಬರಲಿ ಅಂತ ನಾನು ಪದೇ ಪದೇ ಬರೆಯೋದು.

ನಮ್ಮಲ್ಲೂ ಭೂಮಿ ಹುಣ್ಣಿಮೆಗೆ, ಎಳ್ಳಮಾವಾಸ್ಯೆಗೆ ಹೊಲಕ್ಕೆ ಹೋಗಿ ಚರಗ ಚೆಲ್ತೀವಿ. ಭೂಮಿಗೆ, ಮಳೆಗೆ, ಎತ್ತಿಗೆ, ಹಿರಿಯರಿಗೆ ಕೈ ಮುಗೀತೀವಿ. ಬೀಜ ಉಳಿಸಿದವರಿಗೆ ಅಂತ ಬೇರೆ ಪೂಜೆ ಇಲ್ಲ, ಯಾಕಂದ್ರೆ ರಾಗಿ, ಜೋಳದ ಬೀಜ ಉಳಿಸಿದವರು ನಮ್ಮ ಹಿರಿಯರೇ. ಮೆಕ್ಕೆಜೋಳದ ಹಿರಿಯರು ಮಾತ್ರ ನಮ್ಮವರಲ್ಲ. ಅವರ ಹೆಸರು ನಾವು ತರೋ ಬೀಜದ ಪ್ಯಾಕೆಟ್ ಮೇಲೂ ಇಲ್ಲ, ಥ್ಯಾಂಕ್ಸ್‌ಗಿವಿಂಗ್ ಫೋಟೋದಲ್ಲೂ ಇಲ್ಲ. ಪ್ಯಾಕೆಟ್ ಬೆಲೆ ಕೊಟ್ಟ ಕೂಡಲೇ ಋಣ ತೀರ್ತು ಅಂತ ನನಗಂತೂ ಅನ್ನಿಸಲ್ಲ. ಈ ಸಲ ಎಳ್ಳಮಾವಾಸ್ಯೆಗೆ ಚರಗ ಚೆಲ್ಲುವಾಗ ಒಂದು ಹಿಡಿ ಅವರ ಹೆಸರಲ್ಲೂ ಚೆಲ್ಲೋಣ ಅಂತಿದೀನಿ.

ನಿಮ್ಮ ಊರಿಗೆ ಮೆಕ್ಕೆಜೋಳ ಮೊದಲು ಬಂದಿದ್ದು ಯಾವ ವರ್ಷ, ಮೊದಲು ಬಿತ್ತಿದವರು ಯಾರ ಮನೆಯವರು, ಆ ಹೊಲದಲ್ಲಿ ಅದಕ್ಕೂ ಮುಂಚೆ ಏನಿತ್ತು ಅಂತ ಮನೆಯ ಹಿರಿಯರನ್ನ ಕೇಳಿ ಬರೀರಿ. ಹತ್ತಿಯೋ, ಬಿಳಿಜೋಳವೋ, ನವಣೆಯೋ? ಕೇಳೋಕೆ ಇದೇ ಸರಿಯಾದ ಹೊತ್ತು, ಕಣ ಕಾಯ್ತಾ ಅವರೂ ಕೂತಿರ್ತಾರೆ. ಇವತ್ತು ರಾತ್ರಿ ಮೋಡ ಇದೆ, ತಾಡಪತ್ರಿ ಮರೀಬೇಡಿ.